ಹಾಗಾದ್ರೆ ಆ ವ್ಯಾನು ಓಡಿಸಿದ್ದು ಯಾರು?

ಹಾಸ್ಟೆಲ್‌ನಲ್ಲಿದ್ದಾಗ ಒಂದು ರಾತ್ರಿ ಆರು ಜನ ಒಂದೇ ಕಂಪ್ಯೂಟರ್ ಮುಂದೆ ಕೂತು ಒಂದು ಫ್ರೆಂಚ್ ಸಿನಿಮಾ ನೋಡಿದ್ದೆವು. ಲೈಟ್ ಆರಿಸಿ, ಬಾಗಿಲಿಗೆ ಚಿಲಕ ಹಾಕಿದ್ದೆವು. ಮೊದಲ ಒಂದು ಗಂಟೆ ಯಾರೂ ಬಾಯಿ ಬಿಡಲಿಲ್ಲ. ತಂದಿಟ್ಟ ಚುರುಮುರಿ ಪೊಟ್ಟಣದಲ್ಲೇ ಮೆತ್ತಗಾಯಿತು. ಕೊನೆಗೆ ಟ್ವಿಸ್ಟ್ ಬಂತು. ಸ್ವಲ್ಪ ಹೊತ್ತು ಮೌನ. ಆಮೇಲೆ ಹಿಂದಿನ ಮಂಚದ ಮೇಲಿಂದ ಹಾಸನದ ಗೆಳೆಯ ಕೇಳಿದ: "ಲೋ, ಹಾಗಾದ್ರೆ ಆ ವ್ಯಾನು ಓಡಿಸ್ತಿದ್ದದ್ದು ಯಾರೋ?"

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ತಿಳಿದದ್ದು ಏನೆಂದರೆ, ಅದೇ ಪ್ರಶ್ನೆಯನ್ನು ಪ್ರಪಂಚದ ತುಂಬ ಜನ ಕೇಳಿದ್ದರು. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ಈ ಸಿನಿಮಾಕ್ಕೆ ಒಂದೇ ಒಂದು ಸ್ಟಾರ್ ಕೊಟ್ಟು, ಕಥೆಯಲ್ಲಿರುವ ತೂತಿನೊಳಗೆ ಒಂದು ಟ್ರಕ್ಕನ್ನೇ ಓಡಿಸಬಹುದು, ಸಿನಿಮಾ ಅದನ್ನೂ ಮಾಡಿದೆ ಎಂಬ ಅರ್ಥದಲ್ಲಿ ತಮಾಷೆ ಮಾಡಿದ್ದರು. ನಮ್ಮ ಗೆಳೆಯ ಈಬರ್ಟ್ ಹೆಸರು ಕೇಳಿರಲಿಲ್ಲ. ಎಡವಿದ್ದು ಮಾತ್ರ ಇಬ್ಬರೂ ಒಂದೇ ಕಲ್ಲಿಗೆ.

ಸಿನಿಮಾದ ಹೆಸರು 'ಓತ್ ತಾನ್ಸ್ಯೋಂ'. 2003ರದ್ದು. ಇಂಗ್ಲಿಷ್‌ನಲ್ಲಿ 'ಹೈ ಟೆನ್ಷನ್' ಎಂದು ಕರೆದರು, ಬ್ರಿಟನ್ನಿನಲ್ಲಿ 'ಸ್ವಿಚ್‌ಬ್ಲೇಡ್ ರೊಮ್ಯಾನ್ಸ್'. ಫ್ರೆಂಚರಿಗೆ ಆ ಮಾತು ಕರೆಂಟಿಗೂ ಸಲ್ಲುತ್ತದೆ. ನಮ್ಮಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ ತಲೆಬುರುಡೆ ಬರೆದು ಬೋರ್ಡ್ ಹಾಕ್ತಾರಲ್ಲ, ಆ ಹೈ ವೋಲ್ಟೇಜ್. ನಿರ್ದೇಶಕ ಅಲೆಕ್ಸಾಂದ್ರ್ ಅಜಾ. ಸಿನಿಮಾ ಫ್ರಾನ್ಸಿನಲ್ಲಿ ತೆರೆಕಂಡಾಗ ಅವನಿಗಿನ್ನೂ 25 ತುಂಬಿರಲಿಲ್ಲ. ಗೆಳೆಯ ಗ್ರೆಗೊರಿ ಲವಾಸ್ಸೂರ್ ಜೊತೆ ಸೇರಿ ಕಥೆ ಬರೆದಿದ್ದ. ಶೂಟಿಂಗ್ ನಡೆದದ್ದು ರೊಮೇನಿಯಾದಲ್ಲಿ.

ಇಲ್ಲಿಂದ ಮುಂದೆ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಹೇಳದೆ ಈ ವಿಷಯ ವಿವರಿಸಲು ಆಗುವುದಿಲ್ಲ. ನೋಡದೇ ಇರುವವರು, ನೋಡುವ ಆಸೆ ಇರುವವರು ಇಲ್ಲೇ ನಿಲ್ಲಿ.

ಮರೀ ಮತ್ತು ಅಲೆಕ್ಸ್ ಕಾಲೇಜು ಗೆಳತಿಯರು. ಪರೀಕ್ಷೆಗೆ ಓದಿಕೊಳ್ಳಲು ಅಲೆಕ್ಸ್‌ಳ ಅಪ್ಪ-ಅಮ್ಮನ ಮನೆಗೆ ಹೊರಟಿದ್ದಾರೆ. ಸುತ್ತ ಜೋಳದ ಹೊಲ, ಮಧ್ಯೆ ಒಂಟಿ ಮನೆ. ಅಪ್ಪ, ಅಮ್ಮ, ಪುಟ್ಟ ತಮ್ಮ, ಒಂದು ನಾಯಿ. ಮರೀ ಪಾತ್ರದಲ್ಲಿ ಸೆಸಿಲ್ ದ ಫ್ರಾನ್ಸ್. ಹೆಸರಲ್ಲಿ ಫ್ರಾನ್ಸ್ ಇದ್ದರೂ ಆಕೆ ಬೆಲ್ಜಿಯಂನವಳು. ಅಲೆಕ್ಸ್ ಆಗಿ ಮೈವೆನ್. ಮರೀಗೆ ಅಲೆಕ್ಸ್ ಮೇಲೆ ಹೇಳಿಕೊಳ್ಳದ ಪ್ರೀತಿ ಇದೆ ಎಂಬುದು ಒಂದೆರಡು ನೋಟದಲ್ಲೇ ನಮಗೆ ತಿಳಿಯುತ್ತದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ತುಕ್ಕು ಹಿಡಿದ ಹಳೇ ವ್ಯಾನೊಂದು ಬಂದು ಮನೆ ಮುಂದೆ ನಿಲ್ಲುತ್ತದೆ. ಕಾಲಿಂಗ್ ಬೆಲ್ ಬಾರಿಸುತ್ತದೆ. ಅಪ್ಪ ಬಾಗಿಲು ತೆಗೆಯುತ್ತಾನೆ. ಹೊರಗೆ ಟೋಪಿ ಹಾಕಿಕೊಂಡ, ಗ್ಯಾರೇಜ್ ಮೆಕ್ಯಾನಿಕ್ ತರಹದ ಕೊಳಕು ಬಟ್ಟೆಯ ದಪ್ಪ ಮನುಷ್ಯ. ಅಲ್ಲಿಂದ ಕೊಲೆಗಳು ಶುರು.

ಮುಂದೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಿನಿಮಾದ ಬಲವೂ ಇದೇ, ಆಮೇಲಿನ ಸಿಟ್ಟಿನ ಮೂಲವೂ ಇದೇ. ಕೆಳಗಿನಿಂದ ಸದ್ದು ಕೇಳಿದ ಮರೀ ಕಿರುಚುವುದಿಲ್ಲ, ಓಡುವುದಿಲ್ಲ. ತಾನಿದ್ದ ಕೋಣೆಯನ್ನು ಅಚ್ಚುಕಟ್ಟು ಮಾಡಲು ಶುರು ಮಾಡುತ್ತಾಳೆ! ಹಾಸಿಗೆ ಸರಿಮಾಡುತ್ತಾಳೆ, ತನ್ನ ಸಾಮಾನು ಎತ್ತಿಕೊಳ್ಳುತ್ತಾಳೆ. ಈ ಕೋಣೆಯಲ್ಲಿ ಯಾರೂ ಇಲ್ಲ ಎಂದು ಕಾಣಬೇಕು, ಅಷ್ಟೇ. ಆಮೇಲೆ ಮಂಚದ ಕೆಳಗೆ ತೂರಿಕೊಳ್ಳುತ್ತಾಳೆ. ಬೂಟುಗಾಲು ಒಳಗೆ ಬರುತ್ತದೆ. ಅವನು ನಿಧಾನಕ್ಕೆ ಕೋಣೆ ನೋಡುತ್ತಾನೆ. ಕ್ಯಾಮೆರಾ ನೆಲಕ್ಕೆ ಅಂಟಿಕೊಂಡು ಮರೀ ಜೊತೆಗೇ ಇದೆ. ನಾವೂ ಅಲ್ಲೇ ಇದ್ದೇವೆ. ಸಂಗೀತ ಹೆಚ್ಚುಕಮ್ಮಿ ಇಲ್ಲ. ಉಸಿರಾಟದ ಸದ್ದು ಮಾತ್ರ.

ಇದಕ್ಕೆ ಸಸ್ಪೆನ್ಸ್ ಅಂತಾರೆ. ನಾವು ಆ ಪದವನ್ನು 'ಕೊಲೆಗಾರ ಯಾರು ಅಂತ ಕೊನೆಯವರೆಗೆ ಹೇಳದೇ ಇರೋದು' ಎಂಬ ಅರ್ಥದಲ್ಲಿ ಬಳಸಿ ಬಳಸಿ ಸವೆಸಿದ್ದೇವೆ. ಸಸ್ಪೆನ್ಸ್ ಸಿನಿಮಾಗಳಿಗೇ ಹೆಸರಾದ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರುಫೋಗೆ ಕೊಟ್ಟ ಉದ್ದದ ಸಂದರ್ಶನದಲ್ಲಿ ಇದರ ವ್ಯತ್ಯಾಸವನ್ನು ಒಂದು ಬಾಂಬ್ ಇಟ್ಟು ವಿವರಿಸಿದ್ದ. ಇಬ್ಬರು ಮೇಜಿನ ಮುಂದೆ ಕೂತು ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿನ ಬಾಂಬ್ ಸಿಡಿಯುತ್ತದೆ. ನೋಡುವವರಿಗೆ ಹದಿನೈದು ಸೆಕೆಂಡಿನ ಅಚ್ಚರಿ. ಅದೇ ಬಾಂಬನ್ನು ಮೊದಲೇ ತೋರಿಸಿ, ಗೋಡೆಯ ಗಡಿಯಾರವನ್ನೂ ತೋರಿಸಿ, ಆಮೇಲೆ ಅದೇ ಹರಟೆ ಕೇಳಿಸಿ. ಈಗ ಹದಿನೈದು ನಿಮಿಷ ನಾವು ಕುರ್ಚಿ ತುದಿಯಲ್ಲಿ ಕೂರುತ್ತೇವೆ. 'ಅಯ್ಯೋ, ಎದ್ದು ಹೋಗ್ರಪ್ಪಾ' ಎಂದು ಒಳಗೊಳಗೇ ಬೇಡಿಕೊಳ್ಳುತ್ತೇವೆ.

ಅಂದರೆ ಸಸ್ಪೆನ್ಸ್‌ಗೆ ಬೇಕಾದದ್ದು ಗುಟ್ಟಲ್ಲ, ಮಾಹಿತಿ. ಕೊಲೆಗಾರನಿಗೆ ಗೊತ್ತಿಲ್ಲದ ಒಂದು ವಿಷಯ ನಮಗೆ ಗೊತ್ತು: ಮಂಚದ ಕೆಳಗೆ ಒಬ್ಬಳು ಇದ್ದಾಳೆ. ಸಿನಿಮಾದ ಮೊದಲ ಒಂದು ಗಂಟೆ ಪೂರ್ತಿ ನಿಂತಿರುವುದು ಈ ಒಂದೇ ಕಂಬದ ಮೇಲೆ. ಅಮ್ಮನ ಕೊಲೆಯನ್ನು ಮರೀ ಬೀರುವಿನ ಬಾಗಿಲ ಸಂದಿಯಿಂದ ನೋಡುತ್ತಾಳೆ. ತಮ್ಮ ಜೋಳದ ಹೊಲಕ್ಕೆ ಓಡುತ್ತಾನೆ, ಬಂದೂಕಿನ ಸದ್ದು ಕೇಳುತ್ತದೆ. ಸರಪಳಿ ಬಿಗಿದ ಅಲೆಕ್ಸ್‌ಳನ್ನು ವ್ಯಾನಿಗೆ ಹಾಕಿಕೊಂಡು ಅವನು ಹೊರಡುವಾಗ, ಮರೀ ಅಡುಗೆಮನೆ ಚಾಕು ಹಿಡಿದು ಅದರ ಹಿಂಭಾಗಕ್ಕೆ ಹತ್ತಿಕೊಳ್ಳುತ್ತಾಳೆ. ದಾರಿಯಲ್ಲಿ ಪೆಟ್ರೋಲ್ ಬಂಕು. ಅಲ್ಲಿನ ಹುಡುಗನನ್ನು ಅವನು ಕೊಡಲಿಯಿಂದ ಕೊಲ್ಲುತ್ತಾನೆ. ಮರೀ ಅಂಗಡಿಯೊಳಗೆ ಅಡಗಿ ತಪ್ಪಿಸಿಕೊಳ್ಳುತ್ತಾಳೆ. ಅಲ್ಲಿದ್ದ ಕಾರು ತೆಗೆದುಕೊಂಡು ವ್ಯಾನಿನ ಬೆನ್ನು ಹತ್ತುತ್ತಾಳೆ. ಅವನು ಹಿಂದಿನಿಂದ ಬಂದು ಗುದ್ದಿ ಕಾರನ್ನು ಉರುಳಿಸುತ್ತಾನೆ. ಕಾಡಿನ ಪಕ್ಕದ ಗ್ರೀನ್‌ಹೌಸ್‌ನಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ. ಮುಳ್ಳುತಂತಿ ಸುತ್ತಿದ ಬೇಲಿ ಗೂಟದಿಂದ ಅವಳು ಅವನನ್ನು ಹೊಡೆದು ಕೆಡವುತ್ತಾಳೆ. ಆ ಹೊತ್ತಿಗೆ ನಮ್ಮ ಹಾಸ್ಟೆಲ್ ರೂಮಿನಲ್ಲಿ ಶಿಳ್ಳೆ ಬಿದ್ದಿತ್ತು.

ಅಷ್ಟರಲ್ಲಿ ಪೊಲೀಸರು ಪೆಟ್ರೋಲ್ ಬಂಕಿಗೆ ಬಂದಿದ್ದಾರೆ. ಸಿಸಿಟಿವಿ ಟೇಪ್ ಹಾಕಿ ನೋಡುತ್ತಾರೆ. ಕೊಡಲಿ ಬೀಸುತ್ತಿರುವುದು ಆ ದಪ್ಪ ಮನುಷ್ಯ ಅಲ್ಲ. ಮರೀ.

ಅಂಥ ಮನುಷ್ಯನೇ ಇರಲಿಲ್ಲ. ಎಲ್ಲರನ್ನೂ ಕೊಂದದ್ದು ಅವಳೇ. ಅಲೆಕ್ಸ್ ಮೇಲಿನ ಹುಚ್ಚು ಪ್ರೀತಿ ಅವಳೊಳಗೆ ಒಂದು ರಾಕ್ಷಸನನ್ನು ಹುಟ್ಟಿಸಿದೆ, ಉಳಿದ ಅರ್ಧ ತಾನೇ ಕಾಪಾಡುವವಳು ಅಂದುಕೊಂಡಿದೆ. ಒಬ್ಬ ಗೆಳೆಯ ಆವತ್ತಿನಿಂದ ಮರೀ ಎನ್ನುವುದನ್ನು ಬಿಟ್ಟು ಮಾರಿ ಎಂದೇ ಕರೆದ. ಕೊನೆಗೆ ಅಲೆಕ್ಸ್ ಹೇಗೋ ಉಳಿದುಕೊಳ್ಳುತ್ತಾಳೆ. ಮರೀ ಆಸ್ಪತ್ರೆ ಸೇರುತ್ತಾಳೆ.

ಈಗ ವ್ಯಾನಿನ ವಿಷಯಕ್ಕೆ ಬರೋಣ.

ಒಬ್ಬರ ತಲೆಯೊಳಗೆ ಇಬ್ಬರಿದ್ದಾರೆ ಎಂದು ಒಪ್ಪಿಕೊಂಡರೆ ಕೆಲವು ದೃಶ್ಯಗಳು ಹೇಗೋ ದಕ್ಕುತ್ತವೆ. ಬೀರುವಿನ ಸಂದಿಯಿಂದ ಕೊಲೆ ನೋಡಿದವಳು ನಿಜವಾಗಿ ಬೀರುವಿನ ಹೊರಗಿದ್ದಳು. ಸರಿ, ಆಯ್ತು. ಮನಸ್ಸು ತಾನು ಮಾಡಿದ್ದನ್ನು ಬೇರೆಯವರ ತಲೆಗೆ ಕಟ್ಟಿ, ತನಗೊಂದು ಅಡಗುವ ಜಾಗ ಮಾಡಿಕೊಟ್ಟಿತು. ಮಂಚದ ಕೆಳಗಿನ ದೃಶ್ಯವನ್ನೂ ಹೀಗೇ ಓದಬಹುದು. ಹಾಗೆ ಓದಿದರೆ ಚೆನ್ನಾಗಿಯೇ ಇದೆ. ಕೋಣೆಯಿಂದ ತನ್ನ ಗುರುತನ್ನೆಲ್ಲ ಅಳಿಸಿ ಹಾಕುವ ಹುಡುಗಿ ಪರಾರಿಯಾಗುವ ಮೊದಲು ಸಾಕ್ಷಿ ಅಳಿಸುತ್ತಿರುವ ಕೊಲೆಗಾರ್ತಿಯೂ ಹೌದು! ಒಂದೇ ಕ್ರಿಯೆಗೆ ಎರಡು ಅರ್ಥ. ಒಳ್ಳೆಯ ಟ್ವಿಸ್ಟ್ ಮಾಡಬೇಕಾದ ಕೆಲಸ ಇದೇ.

ಆದರೆ ವ್ಯಾನು ಕಬ್ಬಿಣದ್ದು. ಅದಕ್ಕೆ ಸ್ಟೀರಿಂಗ್ ಇದೆ. ಹಿಂದೆ ಅಲೆಕ್ಸ್ ಪಕ್ಕದಲ್ಲಿ ಮರೀ ಕೂತಿದ್ದಾಗ ಅದು ರಸ್ತೆಯಲ್ಲಿ ಓಡುತ್ತಿತ್ತು. ಆಮೇಲೆ ಮರೀ ಕಾರಿನಲ್ಲಿದ್ದಾಗ ವ್ಯಾನು ಹಿಂದಿನಿಂದ ಬಂದು ಗುದ್ದಿತು. ಎರಡು ಗಾಡಿ, ಒಬ್ಬ ಡ್ರೈವರ್. ಇದನ್ನು ಮನಸ್ಸು ಎಷ್ಟೇ ಒಡೆದರೂ ಮಾಡಲಾಗದು. ಕಾಲೇಜು ಹುಡುಗಿ ಗೆಳತಿಯ ಜೊತೆ ಕಾರಿನಲ್ಲಿ ಬಂದಿಳಿದಳಲ್ಲ, ಅವಳಿಗೆ ಈ ಹಳೇ ವ್ಯಾನು ಎಲ್ಲಿಂದ ಸಿಕ್ಕಿತು? ಅದಕ್ಕೂ ಉತ್ತರವಿಲ್ಲ.

ಇದಕ್ಕಿಂತ ಹೆಚ್ಚು ಕಾಡುವುದು ಸಿನಿಮಾದ ಶುರುವಿನಲ್ಲೇ ಬರುವ ಒಂದು ಪುಟ್ಟ ದೃಶ್ಯ. ಹೊಲದ ಹತ್ತಿರ ಅದೇ ವ್ಯಾನು ನಿಂತಿದೆ. ಅದೇ ಮನುಷ್ಯ ಒಂದು ಹೆಣ್ಣಿನ ಕತ್ತರಿಸಿದ ತಲೆಯನ್ನು ಹೊರಗೆಸೆದು ಗಾಡಿ ಹೊರಡಿಸುತ್ತಾನೆ. ಅಲ್ಲಿ ಮರೀ ಇಲ್ಲ. ಅವಳು ನೋಡುತ್ತಿಲ್ಲ, ಕೇಳುತ್ತಿಲ್ಲ. ಹಾಗಾದರೆ ಅದನ್ನು ನಮಗೆ ತೋರಿಸಿದವರು ಯಾರು?

ಮೋಸ ಮತ್ತು ಚಮತ್ಕಾರದ ನಡುವಿನ ಗೆರೆ ಈ ಪ್ರಶ್ನೆಯಲ್ಲೇ ಇದೆ. ಸಿನಿಮಾದಲ್ಲಿ ನಮಗೆ ಕಾಣುವುದಕ್ಕೆಲ್ಲ ಒಬ್ಬ ಜವಾಬ್ದಾರ ಇರುತ್ತಾನೆ. ಕೆಲವೊಮ್ಮೆ ಅದು ಪಾತ್ರದ ಕಣ್ಣು: ಅವಳು ತಿರುಗಿ ನೋಡುತ್ತಾಳೆ, ಮರುಕ್ಷಣ ಅವಳು ನೋಡಿದ್ದು ನಮಗೆ ಕಾಣುತ್ತದೆ. ಅದು ಸುಳ್ಳಾಗಬಹುದು. ಕಣ್ಣು ಅವಳದ್ದು, ಭ್ರಮೆಯೂ ಅವಳದ್ದು. ಇನ್ನು ಕೆಲವೊಮ್ಮೆ ಅದು ಯಾರ ಕಣ್ಣೂ ಅಲ್ಲ. ದೂರದಿಂದ ಮನೆ ಕಾಣುತ್ತದೆ, ಗಾಡಿ ಬರುತ್ತದೆ, ಬಾಗಿಲು ತೆರೆಯುತ್ತದೆ. ಅಂಥ ಕಡೆ ಮಾತಾಡುತ್ತಿರುವುದು ಸಿನಿಮಾ. 'ಇದು ನಡೆಯಿತು' ಎಂದು ಅದೇ ನಮಗೆ ಹೇಳುತ್ತಿದೆ. ಅಜ್ಜಿ ಕಥೆ ಹೇಳುವಾಗ ಕಥೆಯೊಳಗಿನ ನರಿ ಸುಳ್ಳು ಹೇಳಬಹುದು, ಅಜ್ಜಿ ಹೇಳಬಾರದು. ಅಜ್ಜಿಯೇ ಕೊನೆಗೆ 'ನಾನು ಹೇಳಿದ್ದೆಲ್ಲ ಸುಳ್ಳು, ನರಿನೇ ಇರಲಿಲ್ಲ' ಅಂದರೆ ಮೊಮ್ಮಕ್ಕಳು ಬೆರಗಾಗುವುದಿಲ್ಲ, ಎದ್ದು ಹೋಗುತ್ತಾರೆ.

ಈ ಪಾಠವನ್ನು ಹಿಚ್‌ಕಾಕ್ ಕೈಸುಟ್ಟುಕೊಂಡು ಕಲಿತದ್ದು. 1950ರ 'ಸ್ಟೇಜ್ ಫ್ರೈಟ್' ಶುರುವಾಗುವುದೇ ಒಂದು ಫ್ಲ್ಯಾಶ್‌ಬ್ಯಾಕ್‌ನಿಂದ. ಒಬ್ಬ ತರುಣ ಕೊಲೆಯೊಂದರ ಕಥೆ ಹೇಳುತ್ತಾನೆ, ಅದು ನಮ್ಮ ಕಣ್ಣೆದುರು ನಡೆಯುತ್ತದೆ. ಕೊನೆಯಲ್ಲಿ ಅದು ಸುಳ್ಳು ಎಂದು ತಿಳಿಯುತ್ತದೆ. ಜನ ಸಿಟ್ಟಾದರು. ಆ ಸುಳ್ಳು ಫ್ಲ್ಯಾಶ್‌ಬ್ಯಾಕ್ ತಾನು ಮಾಡಬಾರದಿದ್ದ ಕೆಲಸ ಎಂದು ಹಿಚ್‌ಕಾಕ್ ತ್ರುಫೋ ಮುಂದೆ ಒಪ್ಪಿಕೊಂಡ. ಮನುಷ್ಯ ಬಾಯಲ್ಲಿ ಸುಳ್ಳು ಹೇಳಿದರೆ ನಾವು ಅನುಮಾನ ಪಡುತ್ತೇವೆ. ಅದನ್ನೇ ತೆರೆ ಮೇಲೆ ತೋರಿಸಿದರೆ ನಂಬಿಬಿಡುತ್ತೇವೆ. ಕಣ್ಣಾರೆ ಕಂಡದ್ದಲ್ವಾ!

ಆದರೆ ಅದೇ 1950ರಲ್ಲಿ ಜಪಾನಿನಲ್ಲಿ ಕುರೊಸಾವಾ 'ರಾಶೋಮೋನ್' ಮಾಡಿದ. ಅಲ್ಲಿ ಒಂದೇ ಸಾವಿಗೆ ನಾಲ್ಕು ಕಥೆ, ಒಂದಕ್ಕೊಂದು ತಾಳೆಯಾಗದು. ಹಾಗೆ ನೋಡಿದರೆ ಸುಳ್ಳು ಫ್ಲ್ಯಾಶ್‌ಬ್ಯಾಕ್‌ಗಳ ಮೂಟೆ ಅದು. ಯಾರೂ ಮೋಸ ಅನ್ನಲಿಲ್ಲ. ಕಾರಣ ಸರಳ. ಪ್ರತಿ ಕಥೆಗೂ ಮೊದಲು ಅದನ್ನು ಹೇಳುವವನ ಮುಖ ಕಾಣುತ್ತದೆ. ಇದು ಕಳ್ಳನ ಮಾತು, ಇದು ಹೆಂಡತಿಯ ಮಾತು, ಇದು ಸತ್ತವನ ಮಾತು ಎಂದು ಚೀಟಿ ಅಂಟಿಸಿಯೇ ಕೊಡುತ್ತಾನೆ. ಸತ್ತವನ ಮಾತನ್ನು ಮೈಮೇಲೆ ಬಂದವಳೊಬ್ಬಳು ಆಡುತ್ತಾಳೆ, ಅದನ್ನೂ ನಾವು ಒಪ್ಪುತ್ತೇವೆ.

ಓದುವ ಕಥೆಗಳಲ್ಲಿ ಈ ಗೆರೆಯನ್ನು ಇನ್ನೂ ನಾಜೂಕಾಗಿ ದಾಟಿದವರಿದ್ದಾರೆ. ಅಗಾಥಾ ಕ್ರಿಸ್ಟಿ 1926ರ ಒಂದು ಕಾದಂಬರಿಯಲ್ಲಿ ಕಥೆ ಹೇಳುವವನನ್ನೇ ಕೊಲೆಗಾರ ಮಾಡಿದಳು. ಆಗಲೂ ದೊಡ್ಡ ಗಲಾಟೆಯಾಯಿತು. ಆದರೆ ಹಿಂದಕ್ಕೆ ಹೋಗಿ ಓದಿದರೆ ಅವನು ಎಲ್ಲೂ ಸುಳ್ಳು ಹೇಳಿಲ್ಲ. ಕೊಲೆ ನಡೆದ ಹತ್ತು ನಿಮಿಷವನ್ನು ಹಾಗೇ ಹಾರಿಸಿ, ತಾನು ಮಾಡಬೇಕಾದದ್ದನ್ನು ಮಾಡಿ ಹೊರಟೆ ಎಂಬಂತೆ ಬರೆದಿದ್ದಾನೆ. ನಾವು ಆ ವಾಕ್ಯದ ಮೇಲೆ ಕಣ್ಣಾಡಿಸಿ ಮುಂದೆ ಹೋಗಿರುತ್ತೇವೆ. ತಪ್ಪು ನಮ್ಮದೇ ಅನ್ನಿಸುತ್ತದೆ. ಬಚ್ಚಿಡುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಅಜಾ ಪರವಾಗಿ ಹೇಳುವವರೂ ಇದ್ದಾರೆ, ಅವರ ವಾದ ದಡ್ಡತನದ್ದಲ್ಲ. ಸಿನಿಮಾ ಶುರುವಾಗುವುದು ಹೊಲದಲ್ಲೂ ಅಲ್ಲ, ಮನೆಯಲ್ಲೂ ಅಲ್ಲ. ಬೆನ್ನ ತುಂಬ ಗಾಯದ ಮರೀ ಒಂದು ಖಾಲಿ ಕೋಣೆಯಲ್ಲಿ ಕೂತು, ನಮ್ಮಿಬ್ಬರ ನಡುವೆ ಇನ್ನು ಯಾರನ್ನೂ ಬರಲು ಬಿಡುವುದಿಲ್ಲ ಎಂದು ಗೊಣಗುತ್ತಾಳೆ. ರೆಕಾರ್ಡ್ ಆಗ್ತಿದೆಯಾ ಎಂದು ಕೇಳುತ್ತಾಳೆ. ಅಂದರೆ ನಾವು ನೋಡುವುದೆಲ್ಲ ಅವಳು ಆಸ್ಪತ್ರೆಯಲ್ಲಿ ಹೇಳಿದ ಹೇಳಿಕೆ. ಹೊಲದ ದೃಶ್ಯವೂ ಅವಳ ಕಲ್ಪನೆ, ವ್ಯಾನೂ ಅವಳ ಕಲ್ಪನೆ. ಮತ್ತೆ ಕಾರಿನಲ್ಲಿ ಬರುವಾಗ ಅವಳು ಅಲೆಕ್ಸ್‌ಗೆ ಒಂದು ಕನಸು ಹೇಳುತ್ತಾಳೆ. ಕಾಡಿನಲ್ಲಿ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದರಂತೆ. ಯಾರು ಎಂದರೆ, ನಾನೇ ನನ್ನನ್ನು ಅಟ್ಟಿಸುತ್ತಿದ್ದೆ ಅನ್ನುತ್ತಾಳೆ. ಮೊದಲ ಹತ್ತು ನಿಮಿಷದೊಳಗೆ ಕಥೆಯ ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟಿದ್ದಾನೆ. ಆ ಧೈರ್ಯವನ್ನು ಮೆಚ್ಚಲೇಬೇಕು.

ಆದರೂ ಈ ವಾದ ಅಡ್ಡಗೋಡೆ ಮೇಲಿನ ದೀಪ. ಎಲ್ಲವೂ ಕಲ್ಪನೆ ಆಗಿರಬಹುದು ಎಂದರೆ ಯಾವುದನ್ನೂ ಲೆಕ್ಕ ಹಾಕಬೇಕಾಗಿಲ್ಲ. ಕೊಲೆಗಳಾದರೂ ನಡೆದವೋ ಇಲ್ಲವೋ? ಗ್ರೀನ್‌ಹೌಸ್? ಆ ಕಾರು? ಇನ್ನೊಂದು ತೊಡಕೂ ಇದೆ. ಪೊಲೀಸರು ಟೇಪ್ ನೋಡುವ ದೃಶ್ಯದಲ್ಲಿ ಮರೀ ಇರಲಿಲ್ಲ. ಇಡೀ ಸಿನಿಮಾ ಅವಳ ಹೇಳಿಕೆಯಾದರೆ, ಅವಳನ್ನೇ ಹಿಡಿದುಕೊಡುವ ಆ ದೃಶ್ಯ ಅದರೊಳಗೆ ಹೇಗೆ ಬಂತು? ಅಲ್ಲಿ ಮಾತ್ರ ಕ್ಯಾಮೆರಾ ನಿಜ ಹೇಳುತ್ತಿದೆ ಎನ್ನಬೇಕು. ಹಾಗಾದರೆ ಉಳಿದ ಕಡೆ ಯಾವಾಗ ನಿಜ ಹೇಳುತ್ತದೆ, ಯಾವಾಗ ಇಲ್ಲ ಎಂಬುದಕ್ಕೆ ಗುರುತು ಬೇಕಲ್ವಾ?

ಗುರುತು ಕೊಡುವುದು ಹೇಗೆಂದು ತೋರಿಸಲು ನೂರು ವರ್ಷ ಹಿಂದಿನ ಜರ್ಮನ್ ಮೂಕಿ ಚಿತ್ರವೇ ಸಾಕು. 1920ರ 'ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕಲಿಗಾರಿ'ಯಲ್ಲೂ ಕೊನೆಗೆ ಕಥೆ ಹೇಳಿದವನೇ ಹುಚ್ಚಾಸ್ಪತ್ರೆಯ ರೋಗಿ ಎಂದು ಗೊತ್ತಾಗುತ್ತದೆ. ಆದರೆ ಆ ಊರಿನ ಮನೆಗಳೆಲ್ಲ ಸೊಟ್ಟ. ಕಿಟಕಿ ಓರೆ, ಬೀದಿ ಓರೆ, ನೆರಳನ್ನೂ ಬಣ್ಣದಲ್ಲಿ ಬಳಿದಿದ್ದಾರೆ. ಇದು ಯಾರದೋ ತಲೆಯೊಳಗಿನ ಊರು ಎಂದು ಮೊದಲಿನಿಂದಲೇ ಕಣ್ಣಿಗೆ ನೋಟಿಸು ಕೊಟ್ಟಿರುತ್ತಾರೆ. 'ಓತ್ ತಾನ್ಸ್ಯೋಂ' ಮಾಡುವುದು ತಿರುಗಾಮುರುಗಾ. ಪ್ರತಿ ಸದ್ದು, ಪ್ರತಿ ಗಾಯ ನಿಜವೆಂದು ನಂಬಿಸಲು ಹೆಣಗುತ್ತದೆ. ರಕ್ತದ ಕೆಲಸಕ್ಕೆಂದೇ ಇಟಲಿಯ ಹಳೆಯ ಪರಿಣತ ಜಾನೆತ್ತೋ ದೆ ರೊಸ್ಸಿಯನ್ನು ಕರೆಸಿದ್ದರು. ಇಷ್ಟೆಲ್ಲ ನಂಬಿಸಿ ಆಮೇಲೆ ನಂಬಿದ್ದೇ ತಪ್ಪು ಎಂದರೆ ಹೇಗೆ?

ನಮ್ಮವರಿಗೆ ಇದನ್ನು ತಿಳಿಯಲು ಜರ್ಮನಿಗೆ ಹೋಗಬೇಕಾಗಿಲ್ಲ. 2004ರ 'ಆಪ್ತಮಿತ್ರ' ನೆನಪಿಸಿಕೊಳ್ಳಿ. ಮಲಯಾಳಂನ 1993ರ 'ಮಣಿಚಿತ್ರತ್ತಾಳ್' ಅದರ ಮೂಲ. ಅಲ್ಲಿಯೂ ಒಬ್ಬಳೊಳಗೆ ಇಬ್ಬರು. ಗಂಗಾಳೊಳಗೆ ನಾಗವಲ್ಲಿ. ಸಿನಿಮಾ ನಮ್ಮ ಅನುಮಾನವನ್ನು ಪ್ರೇಮಾ ಮಾಡಿದ ಸೌಮ್ಯಾ ಕಡೆ ತಿರುಗಿಸುತ್ತದೆ, ಅದು ಆಟದ ನಿಯಮದೊಳಗೇ ಇದೆ. ಆದರೆ ಗಂಗಾಳನ್ನೂ ನಾಗವಲ್ಲಿಯನ್ನೂ ಬೇರೆ ಬೇರೆ ಮೈಯಾಗಿ ಒಂದೇ ಕೋಣೆಯಲ್ಲಿ ನಿಲ್ಲಿಸಿ ಜಗಳವಾಡಿಸುವುದಿಲ್ಲ. ಬಚ್ಚಿಡುತ್ತದೆ, ಸುಳ್ಳು ತೋರಿಸುವುದಿಲ್ಲ. ಅದಕ್ಕೇ ಹೊರಗೆ ಹೋಗಬೇಡ ಎಂದಾಗ ಸೌಂದರ್ಯ ಮುಖ ಬದಲಾಗುವ ಆ ದೃಶ್ಯವನ್ನು ಟೀವಿಯಲ್ಲಿ ಹತ್ತನೇ ಸಲ ಬಂದರೂ ಕೂತು ನೋಡುತ್ತೇವೆ. ಗುಟ್ಟು ಗೊತ್ತಿದ್ದೂ ನೋಡುತ್ತೇವೆ. ಗೊತ್ತಿದ್ದಾಗ ಇನ್ನೂ ಜಾಸ್ತಿ ಕಾಣುತ್ತದೆ.

ಕಾಯಿಲೆಯ ಬಗ್ಗೆಯೂ ಎರಡು ಮಾತು. ಇಂಥ ಸಿನಿಮಾ ಬಂದಾಗಲೆಲ್ಲ 'ಸ್ಪ್ಲಿಟ್ ಪರ್ಸನಾಲಿಟಿ' ಎಂಬ ಮಾತು ಓಡಾಡುತ್ತದೆ, ಅದರ ಜೊತೆ ಸ್ಕಿಜೋಫ್ರೇನಿಯಾ ಹೆಸರನ್ನೂ ಕಲಸಿಬಿಡುತ್ತಾರೆ. ಎರಡೂ ಒಂದಲ್ಲ. ಸ್ಕಿಜೋಫ್ರೇನಿಯಾದಲ್ಲಿ ಇಲ್ಲದ ದನಿ ಕೇಳಬಹುದು, ಇಲ್ಲದ ಸಂಚು ಕಾಣಬಹುದು. ಒಬ್ಬರು ಇಬ್ಬರಾಗುವುದಿಲ್ಲ. ಇಬ್ಬರಾಗುವಂಥದ್ದಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಮಲ್ಟಿಪಲ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಹೆಸರು ಕೊಟ್ಟಿತು. 1994ರಲ್ಲಿ ಅದನ್ನು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದು ಬದಲಾಯಿಸಿದರು. ಹೆಚ್ಚಿನವರಲ್ಲಿ ಅದರ ಬೇರು ಬಾಲ್ಯದ ಭಾರಿ ನೋವಿನಲ್ಲಿರುತ್ತದೆ. ಅವರು ಬೇರೆಯವರಿಗಿಂತ ತಮಗೇ ಹಾನಿ ಮಾಡಿಕೊಳ್ಳುವ ಅಪಾಯ ಜಾಸ್ತಿ. ಒಂದು ಗುರುತು ಮೇಲೆ ಬಂದಾಗ ಇನ್ನೊಂದು ಹಿಂದೆ ಸರಿಯುತ್ತದೆ, ನಡುವೆ ಮರೆವು. ಮರೀ ಕಣ್ಣೆದುರಿಗೆ ನಡೆದಾಡುವ ಆ ಟೋಪಿ ಮನುಷ್ಯ ಈ ಯಾವ ಚಿತ್ರಕ್ಕೂ ಹೊಂದುವುದಿಲ್ಲ. ಸಿನಿಮಾ ಕಾಯಿಲೆಯ ಹೆಸರನ್ನೂ ಹೇಳುವುದಿಲ್ಲ. ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಹುಡುಗಿ ಹುಡುಗಿಯನ್ನು ಪ್ರೀತಿಸಿದರೆ ಅವಳೊಳಗೊಬ್ಬ ಕೊಲೆಗಾರ ಕೂತಿರುತ್ತಾನೆ ಎಂಬ ಹಳೇ ಅಚ್ಚನ್ನೇ ಮತ್ತೆ ಒತ್ತಿದ್ದು ಮಾತ್ರ ಚೆನ್ನಾಗಿಲ್ಲ. ಇದನ್ನು ಆಗಲೇ ಹಲವರು ಎತ್ತಿ ಆಡಿದ್ದಾರೆ.

ಇಷ್ಟು ತಪ್ಪು ಹುಡುಕಿ ಒಂದು ಮಾತು ಒಪ್ಪಿಕೊಳ್ಳಬೇಕು. ಕೆಟ್ಟ ಸಿನಿಮಾ ನಿರಾಸೆ ಮಾಡುವುದಿಲ್ಲ. ಮೊದಲ ಹತ್ತು ನಿಮಿಷಕ್ಕೇ ಫೋನ್ ಕೈಗೆ ಬರುತ್ತದೆ, ಅಲ್ಲಿಗೆ ಮುಗಿಯಿತು. ನಿರಾಸೆ ಮಾಡಲು ಮೊದಲು ಆಸೆ ಹುಟ್ಟಿಸಬೇಕು. ಅಜಾಗೆ ಅದು ಬರುತ್ತಿತ್ತು. ಸ್ಪೇನಿನ ಸಿಟ್ಜೆಸ್ ಚಿತ್ರೋತ್ಸವದಲ್ಲಿ ಅವನಿಗೆ ಅದೇ ವರ್ಷ ನಿರ್ದೇಶನದ ಪ್ರಶಸ್ತಿ ಬಂತು. ಹಾರರ್ ಸಿನಿಮಾಗಳ ಹಿರಿಯ ವೆಸ್ ಕ್ರೇವನ್ ತನ್ನ ಹಳೆಯ ಚಿತ್ರದ ರೀಮೇಕನ್ನು ಈ ಹುಡುಗನ ಕೈಗೆ ಕೊಟ್ಟ. ಇವರೆಲ್ಲ ವ್ಯಾನಿನ ಲೆಕ್ಕ ತಿಳಿಯದವರಲ್ಲ. ಮಂಚದ ಕೆಳಗಿನ ದೃಶ್ಯ ನೋಡಿ ಕೊಟ್ಟದ್ದು.

ಮತ್ತೆ ಹಾಳಾದದ್ದು ನಿಖರವಾಗಿ ಏನು? ಲಾಜಿಕ್ ಅಷ್ಟೇ ಅಲ್ಲ. ಲಾಜಿಕ್ ಇಲ್ಲದ ಎಷ್ಟೋ ಸಿನಿಮಾಗಳನ್ನು ನಾವು ಖುಷಿಯಾಗಿ ನೋಡಿದ್ದೇವೆ. ಮತ್ತೆ ಬಾಂಬಿನ ಲೆಕ್ಕಕ್ಕೇ ಬನ್ನಿ. ಒಂದು ಗಂಟೆ ನಾವು ಹೆದರಿದ್ದು ಆ ಹುಡುಗಿ ಸಿಕ್ಕಿಬಿದ್ದಾಳೆಂದು. ಕೊಲೆಗಾರ ಅವಳೇ ಆದಮೇಲೆ ಅವಳು ಸಿಕ್ಕಿಬೀಳುವ ಅಪಾಯವೇ ಇರಲಿಲ್ಲ. ಮೇಜಿನ ಕೆಳಗೆ ಬಾಂಬೇ ಇರಲಿಲ್ಲ. ಅರವತ್ತು ನಿಮಿಷದ ಸಸ್ಪೆನ್ಸನ್ನು ಹದಿನೈದು ಸೆಕೆಂಡಿನ ಅಚ್ಚರಿಗೆ ಮಾರಿದ ಹಾಗಾಯಿತು. ನಾವು ಪಟ್ಟ ಭಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಈಗ ಹೆದರಬೇಕಿದ್ದದ್ದು ಅಲೆಕ್ಸ್‌ಗಾಗಿ ಎಂದು ಗೊತ್ತಾಗುತ್ತದೆ. ಆದರೆ ಅಲೆಕ್ಸ್‌ಳನ್ನು ಇಡೀ ಸಿನಿಮಾ ಬಾಯಿಕಟ್ಟಿ ವ್ಯಾನಿನ ಮೂಲೆಗೆ ಹಾಕಿದೆ. ಅವಳ ಕಡೆಯಿಂದ ಒಂದು ಕ್ಷಣವೂ ನೋಡಲು ಬಿಟ್ಟಿಲ್ಲ. ಯೋಚಿಸಿ ನೋಡಿ: ಕೊಲೆಗಾರ್ತಿ ಬಂದು ಕಟ್ಟು ಸಡಿಲಿಸುತ್ತಾ 'ಹೆದರಬೇಡ, ನಾನಿದ್ದೀನಿ' ಅನ್ನುತ್ತಾಳೆ. ಮರುಗಳಿಗೆ ಮುಖ ಬದಲಾಗುತ್ತದೆ. ಎದುರಿಗೆ ಕಟ್ಟಿಹಾಕಿಸಿಕೊಂಡ ಅಲೆಕ್ಸ್ ಇದನ್ನು ನೋಡುತ್ತಿದ್ದಾಳೆ. ಆ ಸಿನಿಮಾ ಈ ಸಿನಿಮಾದ ಒಳಗೇ ಬಚ್ಚಿಟ್ಟುಕೊಂಡಿತ್ತು, ಇದಕ್ಕಿಂತ ಭಯಂಕರವಾಗಿತ್ತು. ಅದನ್ನು ತೆಗೆಯಲು ಹೋಗಲೇ ಇಲ್ಲ.

ನೋಡುವುದಾದರೆ ಯಾವ ಆವೃತ್ತಿ ಎಂದು ಗಮನಿಸಿ. 2005ರಲ್ಲಿ ಅಮೆರಿಕದ ಥಿಯೇಟರುಗಳಿಗೆ ಹೋದಾಗ ಅರ್ಧಂಬರ್ಧ ಇಂಗ್ಲಿಷ್‌ಗೆ ಡಬ್ ಮಾಡಿ, ಸೆನ್ಸಾರ್ ರೇಟಿಂಗ್‌ಗಾಗಿ ಸುಮಾರು ಒಂದು ನಿಮಿಷ ಕತ್ತರಿಸಿದ್ದರು. ಮರೀಯ ಪಿಸುಮಾತು, ಗೊಣಗಾಟಕ್ಕೆ ಬೇರೆಯವರ ದನಿ ಕೂರಿಸಿದರೆ ಇದ್ದ ಒಂದೇ ಬಂಡವಾಳವೂ ಹೋಯಿತು. ಪೂರ್ತಿ ಫ್ರೆಂಚ್, ಕೆಳಗೆ ಸಬ್‌ಟೈಟಲ್ ಇರುವುದನ್ನೇ ಹುಡುಕಿ. ಮಾತು ಹೇಗೂ ಕಮ್ಮಿ. ರಕ್ತ ನೋಡಲಾಗದವರು ಈ ಕಡೆ ತಲೆ ಹಾಕಬೇಡಿ.

ಹಾಸನದ ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ. ಹೋದ ವರ್ಷ ಅವನ ಮನೆಯಲ್ಲಿ ಇದನ್ನೇ ಮತ್ತೆ ಹಾಕಿದ್ದೆವು. ಗ್ರೀನ್‌ಹೌಸ್‌ನಲ್ಲಿ ಮರೀ ಆ ಟೋಪಿ ಮನುಷ್ಯನನ್ನು ಹೊಡೆದು ಕೆಡವಿದಳು. ಗೆಳೆಯ ರಿಮೋಟ್ ತೆಗೆದುಕೊಂಡು ಟೀವಿ ಆರಿಸಿದ. "ಮುಗೀತು ಕಣೋ ಸಿನಿಮಾ, ಊಟ ಮಾಡೋಣ ಬಾ" ಅಂದ. ಅವನ ಹೆಂಡತಿ ಅದನ್ನು ನೋಡುತ್ತಿದ್ದದ್ದು ಮೊದಲ ಸಲ. ಅನ್ನ ಬಡಿಸುತ್ತಾ "ಆ ಹುಡುಗಿ ತುಂಬ ಗಟ್ಟಿ ಬಿಡಿ" ಅಂದರು. ನಾವಿಬ್ಬರೂ ಹೌದು ಅಂದೆವು.